ಕೊನೆಯ ಸಲ ಕೂರಿಸುವ ದುಂಡವ್ವ

ಬೆಳಗಿನ ಐದೂವರೆ. ಬೆಂಗಳೂರಿನ ಶ್ರೀನಗರದ ಒಂದು ಅಡ್ಡರಸ್ತೆಯಲ್ಲಿ ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಮೂಲೆಯ ಮನೆಯ ಮುಂದೆ ಹತ್ತು ಹನ್ನೆರಡು ಗಂಡಸರು ಕೈಕಟ್ಟಿ ನಿಂತಿದ್ದಾರೆ. ಒಳಗೆ ನಡುಮನೆಯ ಬಾಗಿಲು ಮುಂದೆ ಮಾಡಿಕೊಂಡು ದುಂಡವ್ವ ಕೆಲಸದಲ್ಲಿದ್ದಾರೆ. ಅವರೆದುರು ಚಾಪೆಯ ಮೇಲೆ ಎಂಬತ್ತೆರಡು ವರ್ಷದ ಅಜ್ಜಿ. ಉಸಿರು ನಿಂತು ಒಂದೂವರೆ ಗಂಟೆಯಾಗಿದೆ.

ದುಂಡವ್ವ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮುಂಗೈಗೆ ಸುತ್ತುತ್ತಾರೆ. ನಿದ್ದೆಗಣ್ಣಿನ ಮಗುವಿಗೆ ಅಂಗಿ ತೊಡಿಸುವಾಗ ತಾಯಿ ಮೊದಲು ಅದರ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಾಳಲ್ಲ, ಹಾಗೆಯೇ ಇದೆ ಆ ಕೈಗಳ ನಡೆ. ನಡುವೆ ಅಜ್ಜಿಯೊಂದಿಗೆ ಮಾತೂ ನಡೆದಿದೆ. “ಒಂಚೂರು ಮುಂದ ಬಾ ಯವ್ವಾ. ಹಾಂ, ಇಷ್ಟ ಸಾಕು. ಈಗ ಕಾಲು ಮಡಚೂಣು.”

ಬಾಗಿಲ ಸಂದಿಯಿಂದ ಮೊಮ್ಮಗ ಫೋನು ಹಿಡಿದುಕೊಂಡೇ ಇಣುಕುತ್ತಾನೆ. “ಆಂಟಿ, ಫ್ರೀಜರ್ ಬಾಕ್ಸ್ ಹೇಳ್ಬಿಡ್ಲಾ? ಊರಿಂದ ಬರೋರು ಹನ್ನೊಂದಾಗತ್ತಂತೆ.”

“ಬಾಕ್ಸ್ ಬ್ಯಾಡಪ್ಪಾ. ಫ್ಯಾನ್ ಹಚ್ಚು, ಕಿಟಕಿ ತಗಿ. ಹನ್ನೊಂದಾದ್ರೂ ಆಗ್ಲಿ, ಕುಂತಾಕಿ ಕಾಯ್ತಾಳ. ಮಲಗಿಸಿಬಿಟ್ರ ಆಮ್ಯಾಲ ಎಬ್ಬಿಸೂದು ಭಾಳ ತ್ರಾಸ.”

ಲಿಂಗಾಯತರಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪೂಜೆಗೆ ಕುಳಿತ ಹಾಗೆ ಪದ್ಮಾಸನ ಹಾಕಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕುಣಿಯ, ಅಂದರೆ ಸಮಾಧಿಗುಂಡಿಯ, ಒಂದು ಪಕ್ಕಕ್ಕೆ ಕೊರೆದ ಗೂಡಿನಲ್ಲಿ ಕೂರಿಸುತ್ತಾರೆ. ಸುತ್ತ ವಿಭೂತಿ, ಬಿಲ್ವಪತ್ರೆ. ಹೀಗೆ ಕೂರಿಸಬೇಕಾದರೆ ಮೈ ಬಿಗಿಯುವ ಮೊದಲೇ ಕಾಲು ಮಡಿಸಬೇಕು, ಬೆನ್ನಿಗೆ ಆಸರೆ ಕೊಡಬೇಕು, ಗಲ್ಲಕ್ಕೆ ಬಟ್ಟೆ ಕಟ್ಟಿ ತಲೆ ವಾಲದಂತೆ ನಿಲ್ಲಿಸಬೇಕು. ಊರುಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಓಣಿಯಲ್ಲಿ ಗೊತ್ತಿದ್ದವರು ನಾಲ್ಕು ಜನ ಇದ್ದೇ ಇರುತ್ತಾರೆ. ಇಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಸಾವಾದರೆ ಜನ ಮೊದಲು ಹುಡುಕುವುದು ಆಂಬ್ಯುಲೆನ್ಸ್ ನಂಬರು, ಎರಡನೆಯದು ಫ್ರೀಜರ್ ಬಾಕ್ಸಿನ ನಂಬರು. ದೇಹ ಆರೇಳು ಗಂಟೆ ಉದ್ದಕ್ಕೆ ಮಲಗಿ ಕೊರಡಾದ ಮೇಲೆ ಹಿರಿಯರೊಬ್ಬರು ಬಂದು, “ಅಯ್ಯೋ, ಕೂರಿಸಲಿಲ್ಲವೇ?” ಎನ್ನುತ್ತಾರೆ. ಆಗ ಯಾರೋ ದುಂಡವ್ವನ ನಂಬರು ಕೊಡುತ್ತಾರೆ.

ಐವತ್ತೆಂಟರ ದುಂಡವ್ವ ಬಾದಾಮಿ ಕಡೆಯವರು. ಇಪ್ಪತ್ತಾರು ವರ್ಷದ ಹಿಂದೆ ಗಂಡ ಮೌನೇಶನ ಜೊತೆ ಬೆಂಗಳೂರಿಗೆ ಬಂದು, ಜೆ.ಪಿ. ನಗರದ ಆಚೆ ಎದ್ದ ಕಟ್ಟಡಗಳಿಗೆ ಪಾಯ ತೋಡಿದರು. ಸೊಂಟ ಸೋತ ಮೇಲೆ ಬಿಟಿಎಂ ಲೇಔಟಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿಕೊಂಡರು. ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಅಲ್ಲಿ ಡ್ಯೂಟಿ. ಹದಿನಾರು ಹಾಸಿಗೆಗಳ ಹೆಂಗಸರ ವಾರ್ಡು. ತಲೆ ಬಾಚುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು. ಬೆಳಗಿನ ಹೊತ್ತು ಮಾತ್ರ ಅವರದು. ಅದರಲ್ಲೂ ತಿಂಗಳಿಗೆ ಎರಡು ಮೂರು ಬೆಳಗುಗಳು ಹೀಗೆ ಯಾವುದೋ ಮನೆಗೆ ಸೇರಿಹೋಗುತ್ತವೆ.

ಈ ಕೆಲಸ ಅವರಿಗೆ ಬಂದದ್ದು ಅತ್ತೆಯಿಂದ. ಬೆಂಗಳೂರಿನಲ್ಲಿ ಮೊದಲ ಸಲ ಮಾಡಿದ್ದು ಹನ್ನೊಂದು ವರ್ಷದ ಹಿಂದೆ, ಅವರದೇ ವಠಾರದಲ್ಲಿ. ಗದಗದ ಕಡೆಯ ಎಳೆಯ ಹೆಂಗಸೊಬ್ಬಳು ಜ್ವರದಿಂದ ತೀರಿಕೊಂಡಾಗ ಗಂಡನಿಗೆ ದಿಕ್ಕು ತೋಚಲಿಲ್ಲ. ಹೆಣ ಸಾಗಿಸುವ ಗಾಡಿಯವರು ಇಬ್ಬರು ಬಂದು ಒಬ್ಬ ಭುಜಕ್ಕೆ, ಒಬ್ಬ ತೊಡೆಗೆ ಕೈ ಹಾಕಿದರು. “ನಾ ನೋಡಿದೆ. ಆ ಹುಡಿಗಿ ಬದುಕಿದ್ದಾಗ ಗಂಡಸರು ಮೆಟ್ಟಲಾ ಏರಿ ಬಂದ್ರ ಸೆರಗು ಸರಿಮಾಡ್ಕೊಂಡು ಒಳಗ ಹೋಗಾಕಿ. ಈಗ ಆಕೀಗೆ ಸೆರಗು ಎಳಕೊಳ್ಳಾಕ ಕೈ ಇಲ್ಲ. ‘ಸರೀರಿ ಅಣ್ಣಾರ, ನಾ ಮಾಡ್ತೀನಿ’ ಅಂದೆ. ಅಷ್ಟ.”

ಅಲ್ಲಿಂದ ಇಲ್ಲಿಯವರೆಗೆ ಸುಮಾರು ಇನ್ನೂರ ಎಂಬತ್ತು ಹೆಂಗಸರನ್ನು ಅವರು ಮೀಯಿಸಿ, ಉಡಿಸಿ, ಕೂರಿಸಿದ್ದಾರೆ. ಹನುಮಂತನಗರದ ಹಳೆಯ ಮನೆಗಳ ಅಜ್ಜಿಯರು, ಬನಶಂಕರಿಯ ಅಂಗಡಿಯವರ ಮನೆಯ ಸೊಸೆಯರು, ಬಿಟಿಎಂನ ಬಾಡಿಗೆ ಕೋಣೆಗಳ ಹೆಣ್ಣುಮಕ್ಕಳು. ಮುತ್ತೈದೆಯರಿಗೆ ಬಳೆ ತೊಡಿಸಿ ಉಡಿ ತುಂಬುತ್ತಾರೆ. ಗಂಡ ಇಲ್ಲದವರಿಗೂ ಹೂ ಮುಡಿಸುತ್ತಾರೆ. ಆಕ್ಷೇಪಿಸಿದವರಿಗೆ ಅವರ ಉತ್ತರ ಇಷ್ಟೇ: “ಶಿವನ ಮನಿಗೆ ಹೊಂಟಾಳ್ರಿ, ಹೂವಿಲ್ದ ಕಳಸೂದಿಲ್ಲ ನಾ.”

ಇದಕ್ಕೆ ಅವರು ತೆತ್ತದ್ದೂ ಕಡಿಮೆಯಲ್ಲ. ಬಿಟಿಎಂನಲ್ಲಿ ಮೊದಲು ಸಿಕ್ಕಿದ ಮನೆ ಅವರ ಕೊರಳಿನ ಲಿಂಗ ನೋಡಿ ಸಿಕ್ಕಿತ್ತು. “ನಮ್ಮವರೇ, ಮಾಂಸ ಗೀಂಸ ಇಲ್ಲ” ಎಂದು ಓನರಮ್ಮ ಖುಷಿಯಿಂದ ಕೀಲಿ ಕೊಟ್ಟಿದ್ದರು. ಕೂರಿಸುವ ಕೆಲಸ ಗೊತ್ತಾದ ಮೇಲೆ ಅದೇ ಓನರಮ್ಮ ಖಾಲಿ ಮಾಡಿಸಿದರು. ಆಮೇಲೆ ಹೋದ ಬಾಡಿಗೆ ಮನೆಯಲ್ಲಿ, ಕೆಳಗಿನವರ ಸೀಮಂತಕ್ಕೆ ಬೀದಿಯ ಎಲ್ಲ ಹೆಂಗಸರಿಗೂ ಕರೆ ಬಂತು, ಇವರೊಬ್ಬರಿಗೆ ಬರಲಿಲ್ಲ. ಸಾವಿನ ಮನೆಯಲ್ಲಿ ಬೇಕಾದ ಕೈ ಆರತಿಯ ತಟ್ಟೆಗೆ ಬೇಡವಾಗಿತ್ತು. “ನಮ್ಮ ಧರ್ಮದಾಗ ಸೂತಕ ಇಲ್ಲ ಅಂತ ಭಾಷಣದಾಗ ಹೇಳ್ತಾರ. ಸೂತಕ ಇಲ್ಲದ್ದು ಮೈಕಿನಾಗ ಅಷ್ಟರಿ,” ಎಂದು ಅವರು ನಗುತ್ತಾರೆ.

ಮನೆಯೊಳಗೆ ದುಂಡವ್ವನಿಗೆ ಗಂಡ ಮೌನೇಶ ಆಸರೆ. ಬೆಳಗ್ಗೆ ಫೋನು ಬಂದ ದಿನ ರೊಟ್ಟಿ ಬಡಿಯುವುದು ಅವರೇ. ಕಿಟಕಿಯಿಂದ ಸದ್ದು ಕೇಳಿದ ಪಕ್ಕದ ಮನೆಯವರು ಕಿಚಾಯಿಸದೆ ಬಿಡುವುದಿಲ್ಲ. “ಏನ್ ಮೌನೇಶಣ್ಣ, ಇವತ್ತೂ ನಿಂದೇನಾ ಡ್ಯೂಟಿ?” ಮೌನೇಶ ತಟ್ಟುವುದನ್ನು ನಿಲ್ಲಿಸದೆಯೇ ಹೇಳುತ್ತಾರೆ: “ಹೌದಪಾ. ನಿನಗೂ ಎರಡು ಬಡೀಲೇನು? ನಿನ್ನ ಮನಿಯಾಗ ಇನ್ನೂ ಒಲಿ ಹತ್ತಿದಂಗಿಲ್ಲ.”

ಇಷ್ಟೆಲ್ಲ ಸಹಿಸಿದ ದುಂಡವ್ವನಿಗೆ ಸಹಿಸಲಾಗದ್ದು ಒಂದೇ ಇತ್ತು. ತಲಘಟ್ಟಪುರದ ಆಚೆ ಅವರು ಹೋಗುವ ರುದ್ರಭೂಮಿಯಲ್ಲಿ ಗೇಟು ದಾಟಿದರೆ ಒಂದು ನೀರಿನ ತೊಟ್ಟಿ ಇದೆ. ಹೆಂಗಸರು ಅಲ್ಲಿಗೇ ನಿಲ್ಲಬೇಕು. ಕುಣಿ ಅಲ್ಲಿಂದ ಮೂವತ್ತು ಹೆಜ್ಜೆ. ಮನೆಯಲ್ಲಿ ಬಾಗಿಲು ಮುಚ್ಚಿ, ಸೆರಗಿನ ಒಂದು ನೆರಿಗೆಯನ್ನೂ ಬಿಡದೆ ಒಪ್ಪ ಮಾಡಿದ ಹೆಣ್ಣುಮಗಳನ್ನು ಆ ತೊಟ್ಟಿಯ ಬಳಿ ಬಿಟ್ಟುಕೊಡಬೇಕು. ಮುಂದೆ ಕುಣಿಗೆ ಇಳಿದು ಗೂಡಿನಲ್ಲಿ ಕೂರಿಸುವುದು ಗಂಡಸರು. ಅವರು ಯಾರಾದರೂ ಆಗಿರಬಹುದು, ಗುಂಡಿ ತೋಡುವವರು, ಗಾಡಿಯವರು.

“ಕಾಣ್ತಿರಲಿಲ್ರಿ, ಆದ್ರ ಕೇಳಸ್ತಿತ್ತು. ‘ಕಾಲ್ ಹಿಡ್ಕೋ, ಎಳಿ, ಇನ್ನೂ ಒತ್ತು’ ಅಂತ. ನಾ ತಾಸುಗಟ್ಲೆ ಕೈಯಾಗ ಇಟ್ಕೊಂಡು ಮಡಚಿದ ಕಾಲ್ರಿ ಅವು. ತೊಟ್ಟಿ ಕಡೆ ಮುಖ ಮಾಡಿ ನಿಂದರತಿದ್ದೆ.”

ಹತ್ತು ವರ್ಷ ಹಾಗೆ ನಿಂತರು. ಆ ಮೂವತ್ತು ಹೆಜ್ಜೆ ನಡೆಯಬೇಕು, ತಾನು ಉಡಿಸಿದವಳನ್ನು ತಾನೇ ಕೂರಿಸಿ ಬರಬೇಕು ಎನ್ನುವುದು ಬಿಟ್ಟರೆ ಅವರಿಗೆ ಬೇರೆ ಆಸೆ ಇರಲಿಲ್ಲ. ಆ ಆಸೆಯನ್ನು ಬಾಯಿ ಬಿಟ್ಟು ಹೇಳಿದ್ದು ಒಬ್ಬರ ಹತ್ತಿರ ಮಾತ್ರ.

ಜಯನಗರದ ವಿಜಯಲಕ್ಷ್ಮಿ ನಿವೃತ್ತ ಲೆಕ್ಕದ ಟೀಚರು. ಮಂಡಿಯ ಆಪರೇಷನ್ನಿಗೆ ದುಂಡವ್ವನ ವಾರ್ಡಿಗೆ ಬಂದು ಒಂಬತ್ತು ದಿನ ಇದ್ದರು. ಇವರ ಇನ್ನೊಂದು ಕೆಲಸದ ಸುದ್ದಿ ನರ್ಸುಗಳಿಂದ ತಿಳಿದು, ಮಗ್ಗಿ ಒಪ್ಪಿಸಿಕೊಳ್ಳುವವರ ಹಾಗೆ ಕೂರಿಸಿಕೊಂಡು ಕೇಳಿದರು.

“ಗುಂಡಿವರೆಗೂ ಹೋಗ್ತೀಯಾ?”

“ಹೋಗಬೇಕಂತ ಆಸೆ ಐತ್ರಿ ಟೀಚರ್, ಬಿಡೂದಿಲ್ಲ.”

“ಯಾರು ಬಿಡಲ್ಲ? ಕೇಳಿದ್ಯಾ?”

“ಕೇಳಿಲ್ರಿ.”

“ಕೇಳ್ದೇನೇ ಉತ್ತರ ಬರ್ಕೊಂಡ್ ಕೂತಿದೀಯಲ್ಲ. ಸೊನ್ನೆ ಕೊಡ್ತೀನಿ.” ಆಮೇಲೆ ಹಾಸಿಗೆಯ ಪಕ್ಕ ಕಿತ್ತಲೆ ಸುಲಿಯುತ್ತಿದ್ದ ಮಗಳು ಮೇಘಶ್ರೀಗೆ ಹೇಳಿದರು: “ನೋಡೇ, ನನ್ನ ಇವಳೇ ಕೂರಿಸ್ಬೇಕು. ಕೊನೇವರೆಗೂ. ನೆನಪಿಟ್ಕೋ.” ಮೇಘಶ್ರೀ, “ಮಂಡಿ ರಿಪೇರಿಗೆ ಬಂದು ಇದೆಂಥ ಮಾತಮ್ಮ” ಎಂದು ಗದರಿದರು. ಮೂವರೂ ನಕ್ಕರು.

ಎರಡು ವರ್ಷದ ನಂತರ, ಕಳೆದ ವರ್ಷದ ಆಷಾಢದಲ್ಲಿ, ವಿಜಯಲಕ್ಷ್ಮಿ ಒಂದು ಮಧ್ಯಾಹ್ನ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಮೇಘಶ್ರೀ ದುಂಡವ್ವನಿಗೆ ಏಳು ಸಲ ಫೋನು ಮಾಡಿದರು. ಡ್ಯೂಟಿಯಲ್ಲಿ ಫೋನು ಲಾಕರಿನಲ್ಲಿಡಬೇಕೆಂಬುದು ನರ್ಸಿಂಗ್ ಹೋಮಿನ ನಿಯಮ. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಒಳ್ಳೆಯ ಮನಸ್ಸಿನ ನೆರೆಯವರು ಸೇರಿ ಬಾಕ್ಸ್ ತರಿಸಿದ್ದರು. ಸಂಜೆ ಲಾಕರಿನಿಂದ ಫೋನು ತೆಗೆದಾಗ ವಿಷಯ ತಿಳಿದು ದುಂಡವ್ವ ರಜೆ ಹೇಳಿ ಓಡಿ ಬಂದಾಗ ಟೀಚರು ಗಾಜಿನ ಕೆಳಗೆ ಉದ್ದಕ್ಕೆ ಮಲಗಿ ಐದು ಗಂಟೆಯಾಗಿತ್ತು.

“ಅಂಥಾದ್ದು ನಾ ಯಾವತ್ತೂ ಮಾಡಿರಲಿಲ್ಲ. ಹೊರಗ ತಗಿಸಿ, ಬಿಸಿನೀರು, ಎಳ್ಳೆಣ್ಣಿ ತರಿಸಿದೆ. ಮೊದಲ ಬೆರಳ್ರಿ. ಬೆರಳು ಒಪ್ಪಿದ್ರ ಮುಂಗೈ, ಮುಂಗೈ ಒಪ್ಪಿದ್ರ ಮೊಳಕೈ. ಮೊಣಕಾಲು ಕಡೀಕ. ಮೊದಲ ಮೊಣಕಾಲಿಗೆ ಕೈ ಹಾಕಿದ್ರ ಮೈ ಹಟಕ್ಕ ಬೀಳ್ತೈತಿ. ಅದೂ ಆಪರೇಷನ್ ಆದ ಮೊಣಕಾಲು, ಒಳಗ ಸ್ಟೀಲು.” ಎರಡು ಗಂಟೆಯ ನಂತರ ವಿಜಯಲಕ್ಷ್ಮಿ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ಆಪರೇಷನ್ ಆದ ಬಲಗಾಲು ಮಾತ್ರ ಪೂರ್ತಿ ಮಡಿಯಲಿಲ್ಲ. ಅದರ ಕೆಳಗೆ ಮಡಿಸಿದ ಸೀರೆಯೊಂದನ್ನು ಒತ್ತುಕೊಟ್ಟು ಸಮ ಮಾಡಿದರು. ಆ ಒತ್ತು ಎಲ್ಲಿದೆ, ಅದನ್ನು ಸರಿಸಿದರೆ ಏನಾಗುತ್ತದೆ ಎನ್ನುವುದು ದುಂಡವ್ವನ ಕೈಗಳಿಗೆ ಮಾತ್ರ ಗೊತ್ತಿತ್ತು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ರುದ್ರಭೂಮಿ. ತೊಟ್ಟಿಯ ಬಳಿ ಹೆಂಗಸರು ನಿಂತರು. ದುಂಡವ್ವನೂ ನಿಂತರು. ಕುಣಿಯೊಳಗೆ ಇಳಿದಿದ್ದ ಇಬ್ಬರು ಮೇಲಿನಿಂದ ದೇಹವನ್ನು ತೆಗೆದುಕೊಂಡರು. ಗೂಡಿಗೆ ಸರಿಸುವಾಗ ಕಾಲಿನ ಕೆಳಗಿದ್ದ ಸೀರೆಯನ್ನು ಒಬ್ಬ ಎಳೆದು ಹಾಕಿದ. ಟೀಚರು ಬಲಕ್ಕೆ ವಾಲಿದರು. ಹಿಡಿಯಲು ಹೋದವನ ಕೈಗೆ ಸೆರಗು ಸಿಕ್ಕಿ ಭುಜದಿಂದ ಜಾರಿತು. ಮೇಲೆ ನಿಂತವರು ‘ಸೆರಗು, ಸೆರಗು’ ಎಂದು ಕೂಗಿ ಮುಖ ತಿರುಗಿಸಿಕೊಂಡರು.

ಮೇಘಶ್ರೀ ಆ ಮೂವತ್ತು ಹೆಜ್ಜೆಯನ್ನು ಹೇಗೆ ದಾಟಿದರೋ ಅವರಿಗೇ ನೆನಪಿಲ್ಲ. ಕುಣಿಯ ಅಂಚಿನಲ್ಲಿ ನಿಂತು, ದನಿ ಏರಿಸದೆ ಹೇಳಿದರು: “ನಿಲ್ಲಿಸಿ. ಅಮ್ಮನ್ನ ಯಾರೂ ಮುಟ್ಬೇಡಿ. ದುಂಡವ್ವ ಬರ್ಲಿ.”

ರುದ್ರಭೂಮಿ ಸಮಿತಿಯ ಕಾರ್ಯದರ್ಶಿ ಬಸವಪ್ರಸಾದ್ ಅಡ್ಡ ಬಂದರು. ಹನುಮಂತನಗರದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅವರು ಜೋರುಮಾತಿನವರು. “ನೋಡಮ್ಮ, ಹೆಂಗಸ್ರು ಗುಂಡಿಗೆ ಇಳಿಯೋ ಪದ್ಧತಿ ನಮ್ಮಲ್ಲಿಲ್ಲ. ಇವತ್ತು ಇಳೀತೀವಿ ಅಂತೀರಿ, ನಾಳೆ ಗುಂಡೀನೂ ನಾವೇ ತೋಡ್ತೀವಿ ಅಂತೀರಿ.”

ತೊಟ್ಟಿಯ ಬಳಿಯಿಂದಲೇ ದುಂಡವ್ವ ಉತ್ತರಿಸಿದರು. “ತೋಡೂದೂ ಬರ್ತೈತ್ರಿ ಸಾವಕಾರ. ಈ ಊರಾಗ ಹತ್ತು ಬಿಲ್ಡಿಂಗಿನ ಪಾಯ ತೋಡೀನಿ ನಾ.” ಆಮೇಲೆ ನಡೆಯತೊಡಗಿದರು. ಯಾರೂ ತಡೆಯಲಿಲ್ಲ. ಕ್ರಿಯೆ ನಡೆಸುತ್ತಿದ್ದ ಅಯ್ಯನವರ ಮುಂದೆ ಬಂದು ನಿಂತು ಕೇಳಿದರು, ಹತ್ತು ವರ್ಷ ಕೇಳದೆ ಉಳಿದ ಪ್ರಶ್ನೆಯನ್ನು.

“ಅಯ್ಯಾರ, ಹೆಣ್ಮಗಳು ಇಳೀಬಾರದು ಅಂತ ಎಲ್ಲ್ಯಾರ ಬರದಾರೇನ್ರಿ?”

ಮುದುಕರಾದ ಅಯ್ಯನವರು ಕೈಯಲ್ಲಿದ್ದ ಬಿಲ್ವಪತ್ರೆಯನ್ನು ತಟ್ಟೆಗಿಟ್ಟರು. “ನಾನು ಓದಿದ್ರಲ್ಲಿ ಇಲ್ಲ ತಾಯಿ. ರೂಢಿ, ಅಷ್ಟೇ.”

“ಟೀಚರ್ ಕೊರಳಾಗ ಇದ್ದದ್ದೂ ಲಿಂಗ, ಇವರೆಲ್ಲಾರ ಕೊರಳಾಗ ಇರೂದೂ ಲಿಂಗ. ರೂಢಿ ಅಂದ್ರ ನಿನ್ನಿ ಮಾಡಿದ್ದು. ಇವತ್ತು ಮಾಡಿದ್ರ ನಾಳಿಗೆ ಇದೂ ರೂಢಿ ಆಗ್ತೈತಿ.”

ಅಯ್ಯನವರು ಬಸವಪ್ರಸಾದರ ಕಡೆ ತಿರುಗಲಿಲ್ಲ. ಕುಣಿಯಲ್ಲಿದ್ದವರಿಗೆ ಹೇಳಿದರು: “ಏಣಿ ಹಾಕ್ರಪ್ಪ. ನೀವು ಮೇಲೆ ಬನ್ನಿ.”

ದುಂಡವ್ವ ಸೀರೆ ಎತ್ತಿ ಕಟ್ಟಿ ಇಳಿದರು. ಮೊದಲು ಸೆರಗು ಸರಿಮಾಡಿದರು. ಬಿದ್ದಿದ್ದ ಸೀರೆಯನ್ನು ಮಣ್ಣು ಕೊಡವಿ ಮತ್ತೆ ಮಡಿಸಿ ಮಂಡಿಯ ಕೆಳಗಿಟ್ಟರು. ಗೂಡಿನ ಗೋಡೆಗೆ ಬೆನ್ನು ತಾಗಿಸಿ, ಎಡ ಅಂಗೈಯನ್ನು ಬಟ್ಟಲಾಗಿಸಿ, ಅಯ್ಯನವರು ಬಗ್ಗಿ ಕೊಟ್ಟ ಇಷ್ಟಲಿಂಗವನ್ನು ಅದರಲ್ಲಿಟ್ಟರು. ವಿಭೂತಿ ಗಟ್ಟಿಗಳನ್ನು ಸುತ್ತ ಜೋಡಿಸಿದರು. ಎಲ್ಲ ಸೇರಿ ಹದಿನೈದು ನಿಮಿಷ. ಮೇಲಿನಿಂದ ನೋಡಿದ ಮೇಘಶ್ರೀ ಹೇಳುತ್ತಾರೆ: “ಅಮ್ಮ ಕ್ಲಾಸಲ್ಲಿ ಮಕ್ಳು ಲೆಕ್ಕ ಮುಗಿಸೋದನ್ನ ಕಾಯ್ತಾ ಕೂತಿರ್ತಿದ್ರಲ್ಲ, ಹಾಗೇ ಇತ್ತು.”

ಅಲ್ಲಿಗೆ ಮುಗಿಯಲಿಲ್ಲ. ಮರುವಾರ ಸಮಿತಿಯ ಸಭೆ ಕರೆದು ಅಯ್ಯನವರನ್ನೇ ಪ್ರಶ್ನಿಸಿದರು. ಹೀಗೆ ಬಿಟ್ಟರೆ ನಾಳೆ ಯಾರ್ಯಾರೋ ಇಳಿಯುತ್ತಾರೆ ಎಂದರು ಕೆಲವರು. ಗೇಟಿಗೆ ಬೋರ್ಡು ಹಾಕಿ ಹೆಂಗಸರನ್ನು ಹೊರಗೇ ನಿಲ್ಲಿಸೋಣ ಎನ್ನುವವರೆಗೂ ಮಾತು ಹೋಯಿತು. ಆ ಬೋರ್ಡನ್ನು ಬರೆಸಬೇಕಿದ್ದವರು ಬಸವಪ್ರಸಾದ್.

ಮುಂದಿನದನ್ನು ಅವರೇ ತಮ್ಮ ಪಾತ್ರೆ ಅಂಗಡಿಯಲ್ಲಿ ಕೂತು ಹೇಳುತ್ತಾರೆ. “ನಂಗೆ ಕೋಪ ಇತ್ತು ಮೇಡಂ, ಸುಳ್ಳ್ಯಾಕೆ ಹೇಳ್ಲಿ. ಮನೇಗ್ ಹೋಗಿ ಊಟಕ್ಕೆ ಕೂತ್ಕೊಂಡೆ. ನಮ್ಮಮ್ಮ ಬಂದು ಎದುರಿಗೆ ಕೂತ್ರು.” ಅವರ ತಾಯಿ ಬಸವಲಿಂಗಮ್ಮನಿಗೆ ಎಂಬತ್ತಾರು. ಅಂಗಡಿಯ ಹಿಂದಿನ ಮನೆಯಿಂದ ಮಗನ ಮಾತು ಕೇಳಿಸಿಕೊಂಡು ಹೊರಗೆ ಬರುತ್ತಾರೆ, ಉಳಿದದ್ದನ್ನು ತಾವೇ ಹೇಳುತ್ತಾರೆ.

“ನಾನ್ ಕೇಳ್ದೆ, ‘ಅಲ್ಲ ಕಣೋ, ನಿಮ್ಮಪ್ಪನ್ನ ಬಿಟ್ರೆ ಒಬ್ಬ ಗಂಡ್ಸು ನನ್ನ ಕೈ ಹಿಡಿದಿಲ್ಲ. ಡಾಕ್ಟ್ರು ಅಂದ್ರೂ ಲೇಡಿ ಡಾಕ್ಟ್ರೇ ಬೇಕು ಅಂತೀನಿ. ನಾಳೆ ನಾನು ಹೋದ್ಮೇಲೆ ಯಾವನೋ ಗುಂಡಿ ತೋಡೋನು ನನ್ನ ಕಂಕುಳಿಗೆ ಕೈ ಹಾಕ್ತಾನಲ್ಲ, ಆಗ ಎಲ್ಲೋಗತ್ತೆ ನಿನ್ನ ಪದ್ಧತಿ?’ ಅಂತ. ‘ದುಂಡವ್ವನ ನಂಬರ್ ನನ್ನ ಫೋನಲ್ಲೇ ಇಟ್ಕೊಂಡಿದೀನಿ, ನಿನ್ನ ನಂಬ್ಕೊಂಡ್ರೆ ಬಾಕ್ಸಲ್ಲಿ ಮಲಗಿಸ್ತೀಯ’ ಅಂದೆ.”

“ಇನ್ನೂ ಗಟ್ಟಿಯಾಗಿದೀಯ ಬಿಡಮ್ಮ,” ಎನ್ನುತ್ತಾರೆ ಮಗ.

“ಗಟ್ಟಿಯಾಗಿರೋವಾಗ್ಲೇ ಹೇಳ್ಬೇಕು. ಆಮೇಲೆ ಹೇಳಕ್ಕಾಗತ್ತಾ?”

ಬೋರ್ಡು ಬಂತು, ಬರಹ ಬೇರೆಯಾಗಿತ್ತು. ‘ಹೆಣ್ಣುಮಕ್ಕಳ ಕ್ರಿಯೆಗೆ ಮನೆಯವರ ಇಚ್ಛೆಯಂತೆ ಹೆಣ್ಣುಮಕ್ಕಳೇ ಕುಣಿಗೆ ಇಳಿಯಬಹುದು’ ಎಂದು ಗೇಟಿನ ಕಂಬದ ಮೇಲೆ ಹಸಿರು ಬಣ್ಣದಲ್ಲಿ ಬರೆಸಿದ್ದಾರೆ. ಏಣಿಯ ಬದಲು ಮೂರು ಮೆಟ್ಟಿಲಿನ ಕಬ್ಬಿಣದ ಸ್ಟ್ಯಾಂಡು ಮಾಡಿಸಿದ್ದೂ ಬಸವಪ್ರಸಾದರೇ. ಸೀರೆಯಲ್ಲಿ ಏಣಿ ಇಳಿಯುವುದು ಕಷ್ಟ ಎಂದು ಅಮ್ಮ ಹೇಳಿದರಂತೆ.

ಅಂದಿನಿಂದ ದುಂಡವ್ವ ನಲವತ್ತೊಂದು ಹೆಣ್ಣುಮಕ್ಕಳಿಗಾಗಿ ಕುಣಿಗೆ ಇಳಿದಿದ್ದಾರೆ. ಎರಡು ಮನೆಯವರು ಬೇಡ ಎಂದರು. ಆ ದಿನಗಳಲ್ಲಿ ಅವರು ಮೊದಲಿನಂತೆ ತೊಟ್ಟಿಯ ಬಳಿ ನಿಂತು ಬಂದರು. ಸೀಮಂತಕ್ಕೆ ಕರೆಯದಿದ್ದ ಬೀದಿಯಲ್ಲಿ ಈಗ ಕರೆ ಬರುತ್ತದೆಯೇ ಎಂದರೆ, “ಒಬ್ಬರು ಕರದಾರ್ರಿ. ಹೋಗಿ ಎರಡು ಹೋಳಿಗಿ ಉಂಡು ಬಂದೆ. ಉಳದವ್ರೂ ಕರೀತಾರ, ಅವಸರ ಏನೈತಿ,” ಎನ್ನುತ್ತಾರೆ. ಹಿಂದಿನ ತಿಂಗಳು ಹನುಮಂತನಗರದ ಒಬ್ಬರು ತಮ್ಮ ತಂದೆಯನ್ನು ಕೂರಿಸಲೂ ಇವರನ್ನೇ ಕರೆದಿದ್ದಾರೆ. ಅಲ್ಲಿ ಇವರು ಹೋಗಿ, ಬಾಗಿಲ ಹೊರಗೆ ನಿಂತು, ಒಳಗಿದ್ದ ಇಬ್ಬರು ಗಂಡುಮಕ್ಕಳಿಗೆ ಹೇಗೆಂದು ಹೇಳಿಕೊಟ್ಟರು. “ಅಪ್ಪನ ಕಾಲು ಮಕ್ಕಳ ಹಿಡೀಲಿ. ಗಂಡಸರೂ ಕಲೀಬೇಕಲ್ರಿ.”

ಕಲಿಯುವವರು ಇನ್ನೂ ಇಬ್ಬರಿದ್ದಾರೆ. ಮೇಘಶ್ರೀ ತಾಯಿಯ ವರ್ಷದ ಕಾರ್ಯ ಮುಗಿಸಿದ ವಾರವೇ, “ನಂಗೂ ಹೇಳ್ಕೊಡಿ” ಎಂದು ಬಂದರು. ನರ್ಸಿಂಗ್ ಹೋಮಿನಲ್ಲಿ ದುಂಡವ್ವನ ಜೊತೆಯ ಆಯಾ ಶುಭಾ ಅದಕ್ಕೂ ಮೊದಲೇ ಸೇರಿದ್ದಾರೆ. ಈಗ ಮೂವರಲ್ಲಿ ಒಬ್ಬರ ಫೋನಾದರೂ ಸದಾ ಲಾಕರಿನ ಹೊರಗಿರುತ್ತದೆ. ಶುಭಾ ಅವರ ಮನೆಯಲ್ಲಿ ಇದು ಗಲಾಟೆಯಾಗಿ, ಗಂಡ ಎರಡು ದಿನ ಮಾತು ಬಿಟ್ಟಿದ್ದರು. ಮೌನೇಶ ಹೋಗಿ ಅವರನ್ನು ಚಹಾಕ್ಕೆ ಕರೆದೊಯ್ದರು. ಏನು ಹೇಳಿದರೋ ಗೊತ್ತಿಲ್ಲ. ಆ ಮನೆಯಲ್ಲೀಗ ಬೆಳಗಿನ ಉಪ್ಪಿಟ್ಟು ಗಂಡನದು.

ಕೊನೆಗೆ, ನಿಮಗೇನಾದರೂ ಬೇಕೆನಿಸುತ್ತದೆಯೇ ಎಂದು ದುಂಡವ್ವನನ್ನು ಕೇಳಿದರೆ ಅವರು ಒದ್ದೆ ಟವೆಲನ್ನು ತಂತಿಯ ಮೇಲೆ ಹರವುತ್ತ ಯೋಚಿಸುತ್ತಾರೆ.

“ಹಿಂದಕ ನನಗೊಂದು ಅಂಜಿಕಿ ಇತ್ರಿ. ಇಷ್ಟು ಮಂದೀನ ಕುಂದ್ರಿಸಿದಾಕಿ ನಾ, ನನ್ನ ಯಾರು ಕುಂದ್ರಸ್ತಾರ ಅಂತ. ಈಗ ಇಲ್ಲ. ಮೊನ್ನೆ ಇವರಿಬ್ಬರೂ ನನ್ನ ಮುಂದನ ಜಗಳಾಡಿದ್ರು. ಮೇಘಶ್ರೀ ಅಂತಾಳ, ‘ದುಂಡವ್ವನ್ನ ನಾನೇ ಕೂರಿಸೋದು.’ ಶುಭಾ ಅಂತಾಳ, ‘ಮೊದ್ಲು ಕಲ್ತಿದ್ದು ನಾನು ಅಕ್ಕಾ, ನಾನೇ.’ ನಾ ಅಂದೆ, ‘ಇನ್ನೂ ಇಪ್ಪತ್ತು ವರ್ಷ ನನ್ನ ಕೆಲಸ ಐತಿ, ಸುಮ್ಮನ ಕುಂದರ್ರಿ ಇಬ್ಬರೂ.’”